ವಿದ್ಯೆಯ ಖಾತೆಯಲ್ಲಿ ಜಮೆ ಮತ್ತು ಉದ್ರಿ

ಅಲ್ಲಾಹನು ಮಾನವನಿಗೆ ದಯಪಾಲಿಸಿದ ಅನುಗ್ರಹಗಳ ಪೈಕಿ ಹಲವನ್ನು ಕಳೆದುಕೊಂಡ ಬಳಿಕವೂ ಮರಳಿ ಪಡೆಯಬಹುದು. ಹೋದ ಸಂಪತ್ತು ಬರಬಹುದು, ಕೆಟ್ಟ ಆರೋಗ್ಯ ಸುಧಾರಿಸಬಹುದು. ಆದರೆ ಕಳೆದ ಸಮಯ ಮಾತ್ರ ಯಾವ ಬೆಲೆ ತೆತ್ತರೂ ಮರಳದು. ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಹೆಚ್ಚಿನವರು ನಷ್ಟಕ್ಕೊಳಗಾಗುತ್ತಾರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವುದನ್ನು ಇಮಾಮ್ ಬುಖಾರಿ ವರದಿ ಮಾಡಿದ್ದಾರೆ. ದೊಡ್ಡವರ ಸಮಯದ ಲೆಕ್ಕವನ್ನು ದೊಡ್ಡವರೇ ಕೊಡಬೇಕು. ಆದರೆ ಹದಿನೈದು ವರ್ಷದ ಹುಡುಗನ ಸಮಯ ಯಾರ ಕೈಯಲ್ಲಿದೆ? ಅವನು ಯಾವ ಶಾಲೆಗೆ, ಯಾವ ಕೋರ್ಸಿಗೆ, ಎಷ್ಟು ವರ್ಷ ಹೋಗಬೇಕೆಂದು ತೀರ್ಮಾನಿಸುವವರು ತಂದೆ ತಾಯಂದಿರು. ಅಂದ ಮೇಲೆ ಮಗುವಿನ ಸಮಯವು ಹೆತ್ತವರ ಬಳಿ ಇರುವ ಅಮಾನತ್. ಅದನ್ನು ಪೋಲು ಮಾಡುವುದು ತಪ್ಪೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಅದನ್ನು ಅವಸರದಿಂದ ಹಿಂಡುವುದೂ ತಪ್ಪಾಗಬಹುದೇ ಎಂಬ ಪ್ರಶ್ನೆಯನ್ನು ಮಾತ್ರ ನಾವು ಅಷ್ಟಾಗಿ ಕೇಳಿಕೊಂಡಿಲ್ಲ.

ಈಗ ಕೇಳಿಕೊಳ್ಳಬೇಕಾದ ಕಾಲ ಬಂದಿದೆ. ಶಾಲೆಯಲ್ಲಿರುವಾಗಲೇ ಕಾಲೇಜಿನ ಪಾಠಗಳಲ್ಲಿ ಒಂದಷ್ಟನ್ನು ಮುಗಿಸಿ ಅದರ ‘ಕ್ರೆಡಿಟ್’ ಗಳಿಸಿಟ್ಟುಕೊಳ್ಳುವ ಮಾತು ಇತ್ತೀಚಿನ ವರ್ಷಗಳಲ್ಲಿ ನಮ್ಮ ಕಿವಿಗೂ ಬೀಳತೊಡಗಿದೆ. ಅಮೆರಿಕದಲ್ಲಿ ಇದು ಹಳೆಯ ರೂಢಿ. ಅಲ್ಲಿನ ಹೈಸ್ಕೂಲು ವಿದ್ಯಾರ್ಥಿಗಳು ‘ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್’ ಎಂಬ ಪರೀಕ್ಷೆಗಳನ್ನು 1950ರ ದಶಕದಿಂದಲೇ ಬರೆಯುತ್ತಿದ್ದಾರೆ. ಅದರಲ್ಲಿ ಒಳ್ಳೆಯ ಅಂಕ ಪಡೆದವರಿಗೆ ಅನೇಕ ಕಾಲೇಜುಗಳು ಮೊದಲ ವರ್ಷದ ಕೆಲವು ವಿಷಯಗಳಿಂದ ವಿನಾಯಿತಿ ಕೊಡುತ್ತವೆ. ನಮ್ಮ ದೇಶದಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ, 2021ರಲ್ಲಿ ಯುಜಿಸಿಯು ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಎಂಬ ವ್ಯವಸ್ಥೆಯನ್ನು ತಂದಿತು. ವಿದ್ಯಾರ್ಥಿಯು ಒಂದು ಕಡೆ ಗಳಿಸಿದ ಕ್ರೆಡಿಟನ್ನು ಖಾತೆಯಲ್ಲಿಟ್ಟು ಇನ್ನೊಂದು ಕಡೆ ಬಳಸಿಕೊಳ್ಳಬಹುದೆಂಬುದು ಅದರ ತಿರುಳು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯ ಕಲಿಕೆಯನ್ನೂ ಇದೇ ಲೆಕ್ಕದೊಳಗೆ ತಂದಿದೆ. 30 ಗಂಟೆಗಳ ಕಲಿಕೆಗೆ 1 ಕ್ರೆಡಿಟ್. ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್. ಮದ್ರಾಸ್ ಐಐಟಿಯು 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಆನ್‌ಲೈನ್ ಪದವಿಯ ಅರ್ಹತಾ ಪರೀಕ್ಷೆಯನ್ನು ಪಿಯುಸಿಯಲ್ಲಿರುವಾಗಲೇ ಬರೆಯಬಹುದು; ಕೋರ್ಸಿಗೆ ಸೇರುವುದು ಮಾತ್ರ ಹನ್ನೆರಡನೆಯ ತರಗತಿ ಪಾಸಾದ ಮೇಲೆ.

ಇವೆಲ್ಲ ಕೇಳಲು ಚೆನ್ನಾಗಿವೆ. ಆದರೆ ನೀತಿಗಳು ಬರುತ್ತವೆ, ಹೋಗುತ್ತವೆ. ಕರ್ನಾಟಕವು 2021ರಲ್ಲಿ ಒಪ್ಪಿಕೊಂಡ ನಾಲ್ಕು ವರ್ಷಗಳ ಪದವಿಯ ಏರ್ಪಾಡನ್ನು 2024-25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷಗಳ ಪದವಿಗೆ ಮರಳಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹೈಸ್ಕೂಲಿನ ಹುಡುಗ ಕಾಲೇಜಿನ ಕ್ರೆಡಿಟ್ ಗಳಿಸಿ ಪದವಿಯ ಅವಧಿಯನ್ನು ಕಡಿಮೆ ಮಾಡಿಕೊಳ್ಳುವುದು ಅಮೆರಿಕದಲ್ಲಿರುವಂತೆ ನಮ್ಮಲ್ಲಿ ರೂಢಿಯಾಗಿಲ್ಲ. ಹಾಗಿದ್ದರೂ ಹೆಸರು ಬೇರೆಯಾದ, ಸ್ವರೂಪ ಬಹುಮಟ್ಟಿಗೆ ಒಂದೇ ಆದ ದಾರಿಯೊಂದು ನಮ್ಮ ಮನೆಬಾಗಿಲಲ್ಲೇ ದಶಕಗಳಿಂದ ಇದೆ. ಅದರಲ್ಲಿ ನಡೆಯುತ್ತಿರುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಆದುದರಿಂದ ಅಮೆರಿಕದ ಮಾತನ್ನು ಅಲ್ಲಿಗೇ ಬಿಟ್ಟು ತಾರಿಹಾಳಕ್ಕೆ ಬರೋಣ.

ಹುಬ್ಬಳ್ಳಿಯ ಅಂಚಿನಲ್ಲಿರುವ ತಾರಿಹಾಳ ಇಂದು ಹೆಚ್ಚಿನವರಿಗೆ ಗೊತ್ತಿರುವುದು ಕೈಗಾರಿಕಾ ಪ್ರದೇಶವಾಗಿ. ವಾಲ್ವ್ ತಯಾರಿಕೆಗೆ ಹೆಸರಾದ ಊರು ಹುಬ್ಬಳ್ಳಿ. ತಾರಿಹಾಳದ ಕಾರ್ಖಾನೆಗಳಲ್ಲಿ ಆ ಕೆಲಸವೂ ನಡೆಯುತ್ತದೆ. ಇಂತಹ ಕಡೆ ಲೇಥ್ ಯಂತ್ರದ ಮುಂದೆ ನಿಂತ ಟರ್ನರ್ ಒಬ್ಬನ ಮನೆಯನ್ನು ಕಲ್ಪಿಸಿಕೊಳ್ಳಿ. ಮಗ ಎಸೆಸೆಲ್ಸಿ ಪಾಸಾಗಿದ್ದಾನೆ. ಗಣಿತದಲ್ಲಿ ತಕ್ಕಮಟ್ಟಿಗೆ ಅಂಕ ಬಂದಿದೆ. ತಂದೆಯ ಮುಂದಿರುವ ದಾರಿಗಳು ಇಷ್ಟು. ಎರಡು ವರ್ಷ ಪಿಯುಸಿ ಓದಿಸಿ, ಸಿಇಟಿ ಬರೆಸಿ, ನಾಲ್ಕು ವರ್ಷದ ಬಿಇಗೆ ಸೇರಿಸಬಹುದು. ಪಾಲಿಟೆಕ್ನಿಕ್‌ಗೆ ಸೇರಿಸಿ ಮೂರು ವರ್ಷದ ಡಿಪ್ಲೊಮಾ ಕೊಡಿಸಬಹುದು. ಡಿಪ್ಲೊಮಾ ಮುಗಿಸಿದವನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಡಿಸಿಇಟಿ ಬರೆದು ಬಿಇಯ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಎರಡು ವರ್ಷದ ಐಟಿಐ ಮಾಡಿಸಬಹುದು. ಅದನ್ನು ಮುಗಿಸಿದವನಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಪ್ರವೇಶವಿದೆ. ಇದನ್ನೇ ‘ಲ್ಯಾಟರಲ್ ಎಂಟ್ರಿ’ ಎನ್ನುವುದು. ಮುಂದಿನ ಹಂತದ ಒಂದು ವರ್ಷವನ್ನು ಹಿಂದಿನ ಹಂತದಲ್ಲೇ ಗಳಿಸಿಟ್ಟುಕೊಳ್ಳುವ ವ್ಯವಸ್ಥೆ. ಕ್ರೆಡಿಟ್ ಬ್ಯಾಂಕ್ ಎಂಬ ಹೆಸರು ಹುಟ್ಟುವುದಕ್ಕೆ ಬಹಳ ಮೊದಲೇ ನಮ್ಮಲ್ಲಿ ಇದ್ದ ಬ್ಯಾಂಕ್ ಇದು.

“ಹಿಂಗ ಮಾಡಿದ್ರ ಒಂದ್ ವರ್ಷ ಉಳಿತೈತೇನ್ರಿ ಸರ್?” ಎಂಬುದು ಇಂತಹ ತಂದೆಯ ಮೊದಲ ಪ್ರಶ್ನೆ. “ಹೌದ್ರಿ ಭಾಯ್, ಉಳಿತೈತಿ” ಎಂಬ ಉತ್ತರವೂ ಸಲೀಸಾಗಿ ಸಿಗುತ್ತದೆ. ಆದರೆ ಬೆರಳು ಮಡಚಿ ಎಣಿಸಿ ನೋಡಿ. ಎಸೆಸೆಲ್ಸಿಯ ನಂತರ ಪಿಯುಸಿ 2, ಬಿಇ 4, ಒಟ್ಟು 6 ವರ್ಷ. ಡಿಪ್ಲೊಮಾ 3, ಬಿಇ 3, ಒಟ್ಟು ಅದೇ 6 ವರ್ಷ. ಐಟಿಐ 2, ಡಿಪ್ಲೊಮಾ 2, ಬಿಇ 3, ಒಟ್ಟು 7 ವರ್ಷ. ಉಳಿಯಿತೆಂದು ಹೇಳುವ ವರ್ಷ ಎಲ್ಲಿದೆ? ಬಿಇಯ ಮೊದಲ ವರ್ಷ ತಪ್ಪಿತು, ನಿಜ. ಆದರೆ ಅದಕ್ಕೆ ಬದಲಾಗಿ ಹುಡುಗ ಪಾಲಿಟೆಕ್ನಿಕ್‌ನಲ್ಲಿ ಒಂದು ವರ್ಷ ಹೆಚ್ಚು ಕಳೆದಿರುತ್ತಾನೆ. ಕ್ಯಾಲೆಂಡರಿನ ಲೆಕ್ಕದಲ್ಲಿ ಯಾರೂ ಏನನ್ನೂ ಉಳಿಸಿಲ್ಲ.

ಹಾಗಾದರೆ ಈ ದಾರಿಯಿಂದ ಲಾಭವಿಲ್ಲವೇ? ಇದೆ, ಬಹಳ ಇದೆ. ಪಿಯುಸಿಯ ದಾರಿಯಲ್ಲಿ ಹೋದವನು ಮೂರನೆಯ ವರ್ಷದ ಕೊನೆಗೆ ಓದು ನಿಲ್ಲಿಸಬೇಕಾಗಿ ಬಂದರೆ ಅವನ ಕೈಯಲ್ಲಿ ಅರ್ಧ ಬಿಟ್ಟ ಬಿಇ ಮಾತ್ರ ಇರುತ್ತದೆ. ಡಿಪ್ಲೊಮಾದ ಹುಡುಗ ಅದೇ ಮೂರನೆಯ ವರ್ಷದ ಕೊನೆಗೆ ಒಂದು ಪ್ರಮಾಣಪತ್ರ ಹಿಡಿದು ನಿಂತಿರುತ್ತಾನೆ. ಅವನಿಗೆ ಡ್ರಾಯಿಂಗ್ ಓದಲು ಬರುತ್ತದೆ, ಮೈಕ್ರೋಮೀಟರ್ ಹಿಡಿಯಲು ಬರುತ್ತದೆ. ತಂದೆಗೆ ಕಾಯಿಲೆಯಾದರೆ, ಅಕ್ಕನ ನಿಕಾಹ್ ನಿಶ್ಚಯವಾದರೆ ಅವನು ಎರಡು ವರ್ಷ ದುಡಿದು ಮತ್ತೆ ಓದಿಗೆ ಬರಬಹುದು. ಲಾಭವಿರುವುದು ವೇಗದಲ್ಲಿ ಎಂದು ತಿಳಿದವರು ಈ ವ್ಯವಸ್ಥೆಯ ನಿಜವಾದ ಒಳಿತನ್ನೇ ಕಾಣುವುದಿಲ್ಲ. ಕಲಿತದ್ದು ವ್ಯರ್ಥವಾಗದಂತೆ ಅದು ಕಾಯುತ್ತದೆ. ಬಡವನ ಮನೆಯಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕೇ?

ಅವಸರದ ವಿಷಯದಲ್ಲಿ ನಮ್ಮ ಧರ್ಮದ ನಿಲುವನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಮಾನವನು ಸ್ವಭಾವತಃ ಆತುರಗಾರನೆಂದು ಪವಿತ್ರ ಕುರ್‌ಆನ್ ಹೇಳುತ್ತದೆ. ಜ್ಞಾನವನ್ನು ಹೆಚ್ಚಿಸೆಂದು ಪ್ರಭುವಿನಲ್ಲಿ ಬೇಡಿಕೊಳ್ಳುವ ಪ್ರಾರ್ಥನೆಯನ್ನು ನಮ್ಮ ಮಕ್ಕಳು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡುತ್ತಾರೆ. ಶಾಲೆಗಳ ಗೋಡೆಗಳ ಮೇಲೂ ಅದನ್ನು ಬರೆಸಿರುತ್ತೇವೆ. ಆದರೆ ಸೂರಃ ತಾಹಾದ ಆ ವಚನದ ಮೊದಲ ಭಾಗವನ್ನು ಗಮನಿಸಿದವರೆಷ್ಟು? ದಿವ್ಯವಾಣಿಯು ಪೂರ್ಣವಾಗಿ ತಲುಪುವ ಮೊದಲೇ ಅದನ್ನು ಗ್ರಹಿಸಲು ಆತುರಪಡಬಾರದೆಂದು ಸ್ವತಃ ಪ್ರವಾದಿವರ್ಯರಿಗೆ(ಸ) ನೀಡಿದ ಆದೇಶವದು. ಆ ಆದೇಶದ ಬೆನ್ನಿಗೇ ಜ್ಞಾನವೃದ್ಧಿಯ ಪ್ರಾರ್ಥನೆ ಬಂದಿದೆ. ನಾವು ಎರಡನೆಯದನ್ನು ಗೋಡೆಗೆ ಹಾಕಿ ಮೊದಲನೆಯದನ್ನು ಮರೆತಿದ್ದೇವೆ. ಕುರ್‌ಆನ್ ಕೂಡ ಒಮ್ಮೆಲೇ ಇಳಿಯಲಿಲ್ಲ. ಇಪ್ಪತ್ತಮೂರು ವರ್ಷಗಳ ಅವಧಿಯಲ್ಲಿ, ಸಂದರ್ಭಕ್ಕೆ ತಕ್ಕಂತೆ, ಕೇಳಿದವರು ಅದನ್ನು ಬದುಕಿಗೆ ಇಳಿಸಿಕೊಳ್ಳುತ್ತಾ ಹೋಗುವಂತೆ ಇಳಿಯಿತು.

ಇದರಿಂದ, ಯಾವ ಮಗುವೂ ತನ್ನ ವಯಸ್ಸಿಗೆ ಮೀರಿ ಮುಂದೆ ಹೋಗಲೇಬಾರದು ಎಂಬ ಅರ್ಥ ತೆಗೆದರೆ ಅದೂ ತಪ್ಪೇ. ಅಬ್ದುಲ್ಲಾ ಬಿನ್ ಉಮರ್‌(ರ)ರ ಉದಾಹರಣೆ ಪ್ರಸಿದ್ಧ. ಉಹುದ್ ಯುದ್ಧದ ವೇಳೆಗೆ ಅವರಿಗೆ ಹದಿನಾಲ್ಕು ವರ್ಷ. ಪ್ರವಾದಿವರ್ಯರು(ಸ) ಅವರನ್ನು ಸೇರಿಸಿಕೊಳ್ಳಲಿಲ್ಲ. ಖಂದಕ್‌ನ ವೇಳೆಗೆ ಹದಿನೈದು, ಸೇರಿಸಿಕೊಂಡರು. ಇದು ವಯಸ್ಸಿನ ನಿಯಮ. ಆದರೆ ಅದೇ ಉಹುದ್‌ಗೆ ಸಂಬಂಧಿಸಿ ಸೀರಾ ಗ್ರಂಥಗಳಲ್ಲಿ ಇನ್ನೊಂದು ಘಟನೆಯೂ ಇದೆ. ರಾಫಿಅ್ ಬಿನ್ ಖದೀಜ್(ರ) ಎಂಬ ಹುಡುಗ ಬಾಣ ಬಿಡುವುದರಲ್ಲಿ ಗಟ್ಟಿಗನೆಂದು ತಿಳಿದಾಗ ಅವನಿಗೆ ಅನುಮತಿ ಸಿಕ್ಕಿತು. ಅದನ್ನು ಕಂಡ ಸಮುರಾ(ರ) ಎಂಬ ಇನ್ನೊಬ್ಬ ಹುಡುಗ, ಕುಸ್ತಿಯಲ್ಲಿ ತಾನು ರಾಫಿಅ್‌ನನ್ನು ಕೆಡವಬಲ್ಲೆನೆಂದ. ಇಬ್ಬರನ್ನೂ ಕುಸ್ತಿಗೆ ಬಿಟ್ಟು ನೋಡಲಾಯಿತು. ಸಮುರಾ ಗೆದ್ದ, ಅವನಿಗೂ ಅನುಮತಿ ದೊರೆಯಿತು. ಗಮನಿಸಿ, ಅವನ ತಂದೆ ಯಾರೆಂದು ನೋಡಿ ಕೊಟ್ಟ ಅನುಮತಿಯಲ್ಲ ಅದು. ಹುಡುಗ ಹೇಳಿದ ಮಾತನ್ನು ಎಲ್ಲರ ಕಣ್ಣೆದುರು ಪರೀಕ್ಷಿಸಿ ಕೊಟ್ಟದ್ದು.

ಹಝ್ರತ್ ಉಮರ್(ರ) ತಮ್ಮ ಸಮಾಲೋಚನಾ ಸಭೆಯಲ್ಲಿ ಬದ್ರ್‌ನ ಹಿರಿಯರ ಜೊತೆ ತರುಣ ಇಬ್ನು ಅಬ್ಬಾಸ್‌(ರ)ರನ್ನು ಕೂರಿಸಿದಾಗಲೂ ಆಕ್ಷೇಪ ಬಂದಿತ್ತು. ಈತನ ವಯಸ್ಸಿನ ಮಕ್ಕಳು ನಮಗೂ ಇದ್ದಾರಲ್ಲ ಎಂಬುದು ಹಿರಿಯರ ತಕರಾರು. ಖಲೀಫರು ವಾದಕ್ಕೆ ಹೋಗಲಿಲ್ಲ. ಸೂರಃ ನಸ್ರ್‌ನ ಅರ್ಥವೇನೆಂದು ಎಲ್ಲರನ್ನೂ ಕೇಳಿದರು. ವಿಜಯ ಬಂದಾಗ ದೇವನನ್ನು ಸ್ತುತಿಸಬೇಕೆಂದು ಕೆಲವರು ಹೇಳಿದರು, ಕೆಲವರು ಸುಮ್ಮನಿದ್ದರು. ಅದು ಪ್ರವಾದಿವರ್ಯರ(ಸ) ಅಂತ್ಯಕಾಲ ಸಮೀಪಿಸಿದ್ದರ ಸೂಚನೆಯೆಂದು ಇಬ್ನು ಅಬ್ಬಾಸ್(ರ) ಮಾತ್ರ ಹೇಳಿದರು. ತಕರಾರು ಅಲ್ಲಿಗೆ ಮುಗಿಯಿತು.

ಇವೆರಡರಿಂದ ತಿಳಿಯುವುದೇನು? ಮುಂದೆ ಹೋಗಲು ಅರ್ಹತೆ ಇದ್ದವನನ್ನು ವಯಸ್ಸಿನ ನೆಪದಲ್ಲಿ ತಡೆಯಬೇಕಾಗಿಲ್ಲ. ಆದರೆ ಅರ್ಹತೆಯು ಮಗುವಿನಲ್ಲೇ ಇರಬೇಕು. ತಂದೆಯ ಆಸೆಯಲ್ಲಿ, ಕೋಚಿಂಗ್ ಕೇಂದ್ರದ ಫಲಕದಲ್ಲಿ, ನೆರೆಮನೆಯವರೊಡನೆ ನಡೆಯುವ ಪೈಪೋಟಿಯಲ್ಲಿ ಇದ್ದರೆ ಸಾಲದು. ಎಂಟನೇ ತರಗತಿಯಿಂದಲೇ ‘ಫೌಂಡೇಶನ್’ ಎಂದು ಮಕ್ಕಳನ್ನು ಬೆಳಗಿನ ಆರು ಗಂಟೆಗೆ ಎಬ್ಬಿಸಿ ಓಡಿಸುವ ಮನೆಗಳಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದಾರೆಯೇ? ಆ ಫೀಸಿಗಾಗಿ ಬಡ್ಡಿಯ ಸಾಲ ಮಾಡಿದ ಮನೆಗಳೂ ಇವೆ. ಆ ಮಾತನ್ನು ಇಲ್ಲಿ ಬೆಳೆಸುವುದಿಲ್ಲ.

ಮತ್ತೆ ಡಿಪ್ಲೊಮಾದ ಹುಡುಗನ ಕಡೆಗೆ ಬರೋಣ. ಅವನು ಬಿಇಯ ಎರಡನೇ ವರ್ಷಕ್ಕೆ ಹೋಗಿ ಕುಳಿತ ದಿನ ಅವನ ಪಕ್ಕದಲ್ಲಿರುವವರು ಪಿಯುಸಿಯಲ್ಲಿ ಎರಡು ವರ್ಷ, ಬಿಇಯಲ್ಲಿ ಒಂದು ವರ್ಷ ಗಣಿತ ಓದಿ ಬಂದವರು. ಇವನು ಯಂತ್ರವನ್ನು ಅವರಿಗಿಂತ ಚೆನ್ನಾಗಿ ಬಲ್ಲ. ಆದರೆ ಡಿಫರೆನ್ಶಿಯಲ್ ಈಕ್ವೇಶನ್ ಬಂದರೆ ತಡವರಿಸುತ್ತಾನೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಇದು ಗೊತ್ತು. ಅದರ 2018ರ ಪಠ್ಯಕ್ರಮದಲ್ಲಿ, ಲ್ಯಾಟರಲ್ ಎಂಟ್ರಿಯಲ್ಲಿ ಬಂದ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿಯೇ ಮೂರನೇ ಮತ್ತು ನಾಲ್ಕನೇ ಸೆಮಿಸ್ಟರುಗಳಲ್ಲಿ ‘ಅಡಿಷನಲ್ ಮ್ಯಾಥಮ್ಯಾಟಿಕ್ಸ್’ ಎಂಬ ಎರಡು ಪಾಠಗಳನ್ನು ಇಡಲಾಗಿತ್ತು. ಅವುಗಳಿಗೆ ಇದ್ದ ಕ್ರೆಡಿಟ್ ಎಷ್ಟು ಗೊತ್ತೇ? ಸೊನ್ನೆ. ಕ್ರೆಡಿಟ್ ಇಲ್ಲ, ಆದರೆ ಪಾಸಾಗದೆ ಪದವಿಯೂ ಇಲ್ಲ.

ಈ ಸೊನ್ನೆ ಕ್ರೆಡಿಟ್‌ನ ಪಾಠದ ಬಗ್ಗೆ ಹೆತ್ತವರು ಯೋಚಿಸಬೇಕು. ಬಿಟ್ಟುಬಂದ ವರ್ಷವು ನಿಜವಾಗಿ ಎಲ್ಲೂ ಹೋಗಿರಲಿಲ್ಲ, ಅದು ಮುಂದೆ ಬಾಗಿಲಲ್ಲಿ ಕಾದು ನಿಂತಿತ್ತು ಎಂಬುದನ್ನು ಅದು ಹೇಳುತ್ತದೆ. ನಮ್ಮ ಹುಬ್ಬಳ್ಳಿಯ ಅಂಗಡಿಗಳಲ್ಲಿ ‘ಕ್ರೆಡಿಟ್’ ಎಂದರೆ ಉದ್ರಿ, ಅಂದರೆ ಇನ್ನೂ ತೀರಿಸದ ಬಾಕಿ. ಕಾಲೇಜಿನಲ್ಲಿ ‘ಕ್ರೆಡಿಟ್’ ಎಂದರೆ ಜಮೆ. ಪದ ಒಂದೇ, ಅರ್ಥ ತದ್ವಿರುದ್ಧ. ಮಗ ಬೇಗ ಗಳಿಸಿದ ಕ್ರೆಡಿಟ್ ಇವೆರಡರಲ್ಲಿ ಯಾವುದೆಂದು ಅಂಕಪಟ್ಟಿ ನೋಡಿ ಹೇಳಲಾಗದು. ವಿಷಯ ತಲೆಗೆ ಹತ್ತಿದ್ದರೆ ಅದು ಜಮೆ. ಹತ್ತದಿದ್ದರೆ ಅದು ಉದ್ರಿ. ಮುಂದಿನ ಸೆಮಿಸ್ಟರಿನಲ್ಲಿ, ಮುಂದಿನ ನೌಕರಿಯಲ್ಲಿ ಯಾರೋ ಬಂದು ಅದನ್ನು ವಸೂಲು ಮಾಡುತ್ತಾರೆ.

ಇಲ್ಲಿ ಇನ್ನೊಂದು ಗಂಭೀರವಾದ ವಿಷಯವಿದೆ. ಕ್ರೆಡಿಟ್ ಎಂಬುದು ಮೂಲತಃ ಒಂದು ಅಳತೆ. 1906ರ ಸುಮಾರಿಗೆ ಅಮೆರಿಕದ ಕಾರ್ನೆಗಿ ಪ್ರತಿಷ್ಠಾನವು ಕಾಲೇಜು ಅಧ್ಯಾಪಕರಿಗೆ ಪಿಂಚಣಿ ಕೊಡಲು ಹೊರಟಾಗ, ಯಾವುದನ್ನು ಕಾಲೇಜೆಂದು ಕರೆಯಬೇಕು, ಅದಕ್ಕೆ ಸೇರುವವನು ಹೈಸ್ಕೂಲಿನಲ್ಲಿ ಎಷ್ಟು ಗಂಟೆ ಓದಿರಬೇಕು ಎಂದು ಗೆರೆ ಎಳೆಯಬೇಕಾಯಿತು. ಒಂದು ವಿಷಯಕ್ಕೆ 120 ಗಂಟೆ ಎಂಬ ಲೆಕ್ಕ ಅಲ್ಲಿಂದ ಬಂತು. ಮುದುಕ ಪ್ರೊಫೆಸರುಗಳ ಪಿಂಚಣಿಯಿಂದ ಹುಟ್ಟಿದ ಲೆಕ್ಕ ಇಂದು ನಮ್ಮ ಮಕ್ಕಳ ಭವಿಷ್ಯ ಅಳೆಯುತ್ತಿರುವುದು ಸೋಜಿಗವೇ ಸರಿ. ಇರಲಿ. ಅಳತೆ ಎಂದ ಮೇಲೆ ಅಳತೆಯ ನಿಯಮಗಳೂ ಅನ್ವಯಿಸುತ್ತವೆ. ಒಂದು ಕ್ರೆಡಿಟ್ ಪಡೆದವನು, ತಾನು 30 ಗಂಟೆ ಕಲಿತಿದ್ದೇನೆಂದು ಸಾಕ್ಷಿ ನುಡಿದಂತೆ. ‘ಸ್ವಯಂ’ ಎಂಬ ಸರಕಾರಿ ಆನ್‌ಲೈನ್ ವೇದಿಕೆಯಲ್ಲಿ 2017ರಿಂದ ಸಾವಿರಾರು ಕೋರ್ಸುಗಳು ದೊರೆಯುತ್ತಿವೆ. ವಿಶ್ವವಿದ್ಯಾಲಯ ಒಪ್ಪಿದರೆ, ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕ್ರೆಡಿಟನ್ನು ಇಂತಹ ಕೋರ್ಸುಗಳಿಂದ ಪಡೆಯಲು ಯುಜಿಸಿ ಅವಕಾಶ ಕೊಟ್ಟಿದೆ. ಹಳ್ಳಿಯ ಮಗುವಿಗೂ ಐಐಟಿಯ ಅಧ್ಯಾಪಕರ ಪಾಠ ಉಚಿತವಾಗಿ ಕೇಳಸಿಗುವುದು ದೇವನ ದೊಡ್ಡ ಅನುಗ್ರಹ. ಆದರೆ ವಾರವಾರದ ಅಸೈನ್‌ಮೆಂಟಿನ ಉತ್ತರಗಳು ವಾಟ್ಸಾಪಿನಲ್ಲಿ ಗುಂಪಿನಿಂದ ಗುಂಪಿಗೆ ಹಾರುತ್ತವೆ. ತಮ್ಮನ ಪರವಾಗಿ ಅಣ್ಣ ಕ್ಲಿಕ್ ಮಾಡುತ್ತಾನೆ. ಹೆತ್ತವರು ನೋಡಿಯೂ ನೋಡದಂತಿರುತ್ತಾರೆ. ‘ಎಲ್ಲರೂ ಮಾಡುತ್ತಾರೆ’ ಎಂಬ ಸಮಾಧಾನ ಬೇರೆ.

ಅಳತೆ ಮತ್ತು ತೂಕದಲ್ಲಿ ಕಡಿಮೆ ಮಾಡುವವರ ಕುರಿತು ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಆರಂಭವಾಗುತ್ತದೆ. ತಾವು ಪಡೆಯುವಾಗ ತುಂಬಿಸಿ ಅಳೆಸಿಕೊಳ್ಳುವವರು, ಕೊಡುವಾಗ ಕಡಿಮೆ ಮಾಡುವವರು ಎಂದು ಅಲ್ಲಿ ಅವರ ಲಕ್ಷಣ ಹೇಳಲಾಗಿದೆ. ಇದನ್ನು ಕಿರಾಣಿ ಅಂಗಡಿಯವನಿಗೆ ಮಾತ್ರ ಹೇಳಿದ್ದೆಂದು ನಾವು ಭಾವಿಸಿದ್ದೇವೆ. ಐದು ಗಂಟೆ ಓದಿ ಮೂವತ್ತು ಗಂಟೆಯ ಕ್ರೆಡಿಟ್ ತುಂಬಿಸಿಕೊಂಡವನಿಗೆ ಅದು ಅನ್ವಯಿಸದೇ? ತನಗೆ ದೊರೆಯದ್ದು ದೊರೆತಿದೆಯೆಂದು ತೋರಿಸಿಕೊಳ್ಳುವವನನ್ನು ಪ್ರವಾದಿವರ್ಯರು(ಸ) ಸುಳ್ಳಿನ ಜೋಡಿ ಉಡುಪು ತೊಟ್ಟವನಿಗೆ ಹೋಲಿಸಿದ್ದಾರೆ. ಪದವಿ ಪ್ರದಾನದ ದಿನ ನಮ್ಮ ಮಕ್ಕಳು ತೊಡುವ ಆ ಕಪ್ಪು ನಿಲುವಂಗಿಯನ್ನು ನೋಡುವಾಗ ಈ ಹೋಲಿಕೆ ನೆನಪಿಗೆ ಬಂದರೆ ಮೈ ಜುಮ್ಮೆನ್ನುತ್ತದೆ. ಮುಂದೆ ಅವನು ಸಹಿ ಹಾಕಿ ಪಾಸು ಮಾಡಿದ ವಾಲ್ವ್ ಎಲ್ಲೋ ಒಂದು ಕಡೆ ಹಬೆಯ ಒತ್ತಡವನ್ನು ತಡೆಯಬೇಕಾಗಿರುತ್ತದೆ. ಅದರ ಬಳಿ ನಿಂತ ಕೆಲಸಗಾರನಿಗೆ ಅವನ ಅಂಕಪಟ್ಟಿಯಿಂದ ಏನೂ ಪ್ರಯೋಜನವಿಲ್ಲ.

ಹಿಂದಿನ ಕಾಲದಲ್ಲಿ ಉಲಮಾಗಳು ತಮ್ಮ ಶಿಷ್ಯರಿಗೆ ಕೊಡುತ್ತಿದ್ದ ‘ಇಜಾಝತ್’ ಕೂಡ ಒಂದು ಬಗೆಯ ಕ್ರೆಡಿಟೇ. ಆದರೆ ಅದರಲ್ಲಿ ಗಂಟೆಗಳ ಲೆಕ್ಕವಿರಲಿಲ್ಲ. ಶಿಷ್ಯ ಒಂದು ಗ್ರಂಥವನ್ನು ಗುರುವಿನ ಮುಂದೆ ಓದಿ ಒಪ್ಪಿಸಿದರೆ, ಆ ಗ್ರಂಥವನ್ನು ಬೋಧಿಸಲು ಗುರು ಅನುಮತಿ ಬರೆದುಕೊಡುತ್ತಿದ್ದರು. ಚುರುಕಿನವನು ಬೇಗ ಮುಗಿಸುತ್ತಿದ್ದ, ನಿಧಾನದವನು ತಡವಾಗಿ. ಗುರುವಿನ ಹೆಸರು ಅದರಲ್ಲಿರುತ್ತಿತ್ತು; ಶಿಷ್ಯ ಎಡವಿದರೆ ಮಾನ ಹೋಗುವುದು ಗುರುವಿನದ್ದೂ ಆಗಿತ್ತು. ಇಂದಿನ ಕಂಪ್ಯೂಟರ್ ಖಾತೆಯಲ್ಲಿ ಯಾರ ಮಾನವೂ ಅಡವಿಲ್ಲ. ಆದುದರಿಂದ ಆ ಕಾವಲು ಮನೆಯಲ್ಲೇ ಇರಬೇಕಾಗುತ್ತದೆ.

ಕ್ರೆಡಿಟ್‌ನ ಒಳಿತು ವೇಗದಲ್ಲಿಲ್ಲ ಎಂದು ಮೇಲೆ ಹೇಳಿದೆ. ಅದನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ನಮ್ಮ ಮೊಹಲ್ಲಾಗಳಲ್ಲಿ ಓದು ಬಿಟ್ಟ ಮಕ್ಕಳಲ್ಲಿ ಅನೇಕರು ದಡ್ಡರಲ್ಲ. ಮನೆಯ ಕಷ್ಟಕ್ಕೆ, ಒಂದೇ ವಿಷಯದಲ್ಲಿ ಫೇಲಾದ ನಾಚಿಕೆಗೆ ಬಿಟ್ಟವರಿದ್ದಾರೆ. ಇಂತಹವರಿಗೆ ಇಂದು ಎಷ್ಟು ಬಾಗಿಲುಗಳು ತೆರೆದಿವೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ರಾಜ್ಯದಲ್ಲಿ 2024ರಿಂದ ಎಸೆಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸುವ ವ್ಯವಸ್ಥೆ ಬಂತು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಒಮ್ಮೆ ದಾಖಲಾದವನಿಗೆ ಐದು ವರ್ಷದ ಕಾಲಾವಕಾಶ, ಒಂಬತ್ತು ಸಲ ಪರೀಕ್ಷೆ ಬರೆಯುವ ಅವಕಾಶ. ಪಾಸಾದ ವಿಷಯ ಪಾಸಾದ ಹಾಗೆಯೇ ಉಳಿಯುತ್ತದೆ. ಬೇರೆ ಬೋರ್ಡಿನಲ್ಲಿ ಪಾಸಾದ ಎರಡು ವಿಷಯಗಳವರೆಗೆ ಅಲ್ಲಿಗೆ ವರ್ಗಾಯಿಸಿಕೊಳ್ಳಲೂಬಹುದು. ಯುಜಿಸಿಯ ಕ್ರೆಡಿಟ್ ಖಾತೆಯಲ್ಲಿಟ್ಟದ್ದು ಸಾಮಾನ್ಯವಾಗಿ ಏಳು ವರ್ಷದವರೆಗೆ ಬಾಳುತ್ತದೆ. ಹಿಫ್ಝ್ ಮುಗಿಸಿದ ಮಗ ಶಾಲೆಯಲ್ಲಿ ಹಿಂದುಳಿದನೆಂದು ಕೊರಗುವ ತಾಯಂದಿರು ಬೀದರ್‌ನತ್ತ ನೋಡಲಿ. 1989ರಲ್ಲಿ ಆರಂಭವಾದ ಅಲ್ಲಿನ ಶಾಹೀನ್ ಸಂಸ್ಥೆಯು ಹಾಫಿಝ್ ವಿದ್ಯಾರ್ಥಿಗಳಿಗೆ ಭಾಷೆ, ಗಣಿತ, ವಿಜ್ಞಾನಗಳ ಬುನಾದಿ ಹಾಕಿಕೊಟ್ಟು ಮುಖ್ಯ ತರಗತಿಗಳಿಗೆ ಸೇರಿಸುವ ಕೆಲಸ ಮಾಡುತ್ತಾ ಬಂದಿದೆ. ಅವರಲ್ಲಿ ವೈದ್ಯಕೀಯ ಸೀಟು ಪಡೆದವರೂ ಇದ್ದಾರೆ. ಕುರ್‌ಆನನ್ನು ಎದೆಯಲ್ಲಿಟ್ಟುಕೊಳ್ಳಲು ಕಲಿತ ಶಿಸ್ತಿಗೆ ಯಾವ ಬೋರ್ಡೂ ಕ್ರೆಡಿಟ್ ಕೊಟ್ಟಿರಲಿಲ್ಲ. ಆದರೂ ಅದು ಜಮೆಯಾಗಿಯೇ ಇತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಹೇಳದಿದ್ದರೆ ಈ ಚರ್ಚೆ ಅಪ್ರಾಮಾಣಿಕವಾಗುತ್ತದೆ. ಗಂಡುಮಗನ ಒಂದು ವರ್ಷ ಉಳಿಸಲು ನಾವು ಎಲ್ಲರನ್ನೂ ವಿಚಾರಿಸುತ್ತೇವೆ. ಹೆಣ್ಣುಮಗಳು ಓದಿಗೆ ಒಂದು ವರ್ಷ ಹೆಚ್ಚು ಕೇಳಿದರೆ ಯಾರನ್ನೂ ವಿಚಾರಿಸದೆ ಇಲ್ಲವೆನ್ನುತ್ತೇವೆ. ಒಳ್ಳೆಯ ಸಂಬಂಧ ಬಂದಿದೆ, ಮುಂದೆ ಅವರ ಮನೆಯಲ್ಲೇ ಓದಬಹುದು ಎಂಬ ಆಶ್ವಾಸನೆ ಎಷ್ಟು ಸಲ ನೆರವೇರಿದೆ ಎಂಬುದನ್ನು ಓದುಗ ಸಹೋದರಿಯರೇ ಹೇಳಬಲ್ಲರು. ಬಸ್ಸಿನ ಖರ್ಚು ಎಂಬ ನೆಪವೂ ಈಗ ದುರ್ಬಲವಾಗಿದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯು ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣವನ್ನು ಉಚಿತಗೊಳಿಸಿತು. ಅವಳ ವಿದ್ಯೆಯ ಅವಧಿಯನ್ನು ಕಡಿಮೆಗೊಳಿಸಲು ಕ್ರೆಡಿಟ್‌ನ ದಾರಿ ಹುಡುಕುವವರು, ಉಳಿದ ಆ ವರ್ಷ ಯಾರ ಪಾಲಿಗೆ ಉಳಿಯಿತು ಎಂದು ತಮ್ಮನ್ನು ಕೇಳಿಕೊಳ್ಳಬೇಕು. ಅದು ಅವಳ ಮುಂದಿನ ಓದಿಗೆ ಸಂದಿದ್ದರೆ ಸರಿ. ಅಮಾನತ್ತಿನ ಮಾಲನ್ನು ಇಟ್ಟವನಿಗೆ ತಿಳಿಯದಂತೆ ಬೇರೊಬ್ಬರಿಗೆ ಕೊಟ್ಟುಬಿಟ್ಟವನನ್ನು ನಾವು ಏನೆಂದು ಕರೆಯುತ್ತೇವೆ?

ಸಿದ್ಧತೆ ಎಂಬ ಪದಕ್ಕೂ ನಾವು ತಪ್ಪು ಅರ್ಥ ಕೊಟ್ಟಿದ್ದೇವೆ. ಕಾಲೇಜಿಗೆ ಸಿದ್ಧನಾಗುವುದೆಂದರೆ ಕಾಲೇಜಿನ ಪುಸ್ತಕವನ್ನು ಶಾಲೆಯಲ್ಲೇ ಓದಿ ಮುಗಿಸುವುದಲ್ಲ. ಒಂದು ಪುಟವನ್ನು ತಾನೇ ಓದಿ ಅರ್ಥ ಮಾಡಿಕೊಳ್ಳುವುದು, ಅರ್ಥವಾಗದ್ದನ್ನು ನಾಚದೆ ಕೇಳುವುದು, ಬರೆದುದನ್ನು ಇನ್ನೊಬ್ಬರು ನೋಡದಿರುವಾಗಲೂ ತಾನೇ ಬರೆಯುವುದು. ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಹೋದ ಮಗುವಿಗೆ ಇಂಗ್ಲಿಷಿನ ಪಾಠ್ಯಪುಸ್ತಕದ ವಾಕ್ಯಗಳನ್ನು ಒಡೆದು ಓದುವ ಅಭ್ಯಾಸ. ಅಬ್ದುಲ್ ಕೈಸ್ ಗೋತ್ರದ ನಿಯೋಗ ಮದೀನಕ್ಕೆ ಬಂದಾಗ ಅವರ ನಾಯಕ ಅಶಜ್ಜ್‌ರಲ್ಲಿ ಅಲ್ಲಾಹನಿಗೆ ಪ್ರಿಯವಾದ ಎರಡು ಗುಣಗಳಿವೆಯೆಂದು ಪ್ರವಾದಿವರ್ಯರು(ಸ) ಹೇಳಿದರು: ಸಹನೆ ಮತ್ತು ಸಾವಧಾನ. ಕಾಲೇಜಿನ ಮೊದಲ ಸೆಮಿಸ್ಟರಿನಲ್ಲಿ ಫೇಲಾಗಿ ಮನೆಗೆ ಮರಳುವ ಎಷ್ಟೋ ಮಕ್ಕಳಲ್ಲಿ ಬುದ್ಧಿಗೆ ಕೊರತೆಯಿರುವುದಿಲ್ಲ. ಈ ಎರಡು ಗುಣಗಳನ್ನು ರೂಢಿಸಲು ನಾವೇ ಸಮಯ ಕೊಟ್ಟಿರುವುದಿಲ್ಲ.

ತಾರಿಹಾಳದ ನಮ್ಮ ಟರ್ನರ್ ಸಹೋದರರು ಮಗನನ್ನು ಡಿಪ್ಲೊಮಾಕ್ಕೆ ಸೇರಿಸಿದ್ದರೆ ಒಳ್ಳೆಯದನ್ನೇ ಮಾಡಿದ್ದಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಸರಕಾರಿ, ಖಾಸಗಿ, ಅಂಜುಮನ್‌ನಂತಹ ನಮ್ಮ ಸಮುದಾಯದ ಸಂಸ್ಥೆಗಳೂ ಇವೆ. ಮುಂದೆ ಓದಲು 1947ರಲ್ಲಿ ಬಿವಿಬಿ ಕಾಲೇಜಾಗಿ ಆರಂಭವಾಗಿ ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ಸಂಸ್ಥೆಯಿದೆ, ವಿಟಿಯುಗೆ ಸೇರಿದ ಕಾಲೇಜುಗಳಿವೆ. ಪ್ರವೇಶಕ್ಕೆ ಹೋದಾಗ ಕೌಂಟರಿನಲ್ಲಿ ‘ಎಷ್ಟು ವರ್ಷ ಉಳಿಯುತ್ತದೆ’ ಎಂದು ಕೇಳುವ ಬದಲು ಎರಡು ಬೇರೆ ಪ್ರಶ್ನೆಗಳನ್ನು ಕೇಳಲಿ. ಇವನು ಈಗಾಗಲೇ ಗಳಿಸಿದ ಕ್ರೆಡಿಟ್ ಅಥವಾ ಕೋರ್ಸನ್ನು ಈ ಕಾಲೇಜು ಒಪ್ಪುತ್ತದೆಯೇ, ಒಪ್ಪುವುದಾದರೆ ಬರಹದಲ್ಲಿ ಕೊಡುತ್ತೀರಾ? ಯಾಕೆಂದರೆ ಕ್ರೆಡಿಟ್‌ಗೆ ಬೆಲೆ ಬರುವುದು ಕೊಟ್ಟವನಿಂದಲ್ಲ, ಸ್ವೀಕರಿಸುವವನಿಂದ. ಎರಡನೆಯದಾಗಿ, ನೇರವಾಗಿ ಎರಡನೇ ವರ್ಷಕ್ಕೆ ಬಂದವರಿಗೆ ಹೆಚ್ಚುವರಿಯಾಗಿ ಏನನ್ನು ಓದಬೇಕಾಗುತ್ತದೆ?

ಈ ಎರಡನೆಯ ಪ್ರಶ್ನೆಗೆ ಬಂದ ಉತ್ತರದಲ್ಲಿ ಗಣಿತದ ಹೆಸರಿರುವ ಸಂಭವವೇ ಹೆಚ್ಚು. ಡಿಪ್ಲೊಮಾದ ಕೊನೆಯ ಪರೀಕ್ಷೆ ಮುಗಿದು ಬಿಇ ತರಗತಿಗಳು ಆರಂಭವಾಗುವವರೆಗೆ ಹುಡುಗನಿಗೆ ಕೆಲವು ವಾರಗಳ ಬಿಡುವು ಸಿಗುತ್ತದೆ. ಹಗಲು ಅವನು ವರ್ಕ್‌ಶಾಪಿಗೆ ಹೋಗಿ ನಾಲ್ಕು ಕಾಸು ದುಡಿಯಲಿ. ಇಶಾ ನಮಾಝಿನ ನಂತರ ಮದ್ರಸದ ಕೋಣೆಗಳು ಖಾಲಿಯಿರುತ್ತವೆ, ದೀಪವೂ ಇರುತ್ತದೆ. ಮೊಹಲ್ಲಾದಲ್ಲಿ ಬಿಎಸ್ಸಿ ಓದುತ್ತಿರುವ ಒಬ್ಬ ಹುಡುಗ ಅಥವಾ ಹುಡುಗಿಯ ಅಣ್ಣ ಇದ್ದೇ ಇರುತ್ತಾನೆ. ಪಿಯುಸಿಯ ಎರಡು ಗಣಿತ ಪುಸ್ತಕಗಳನ್ನು ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡು, ದಿನಕ್ಕೆ ಒಂದೂವರೆ ಗಂಟೆಯಂತೆ ನಾಲ್ಕೈದು ಮಂದಿ ಒಟ್ಟಿಗೆ ಕುಳಿತರೆ, ಕಾಲೇಜು ತೆರೆಯುವ ಹೊತ್ತಿಗೆ ಕ್ಯಾಲ್ಕುಲಸ್‌ನ ಮೊದಲ ಅಧ್ಯಾಯಗಳಾದರೂ ಮುಗಿದಿರುತ್ತವೆ. ಮಸೀದಿಯ ಜಮಾಅತಿನವರು ಇದಕ್ಕೆ ಬೇಕಾದ ಒಂದು ಕರಿಹಲಗೆಯನ್ನು ಕೊಡಿಸಿದರೆ ಸಾಕು.